ಕೈ ಬದಲಾದ ಮೇಲೂ ಅದೇ ಕಥೆಯೆ?

ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಬುರ್ರಕಥೆಯಲ್ಲಿ ಕುಮಾರರಾಮನನ್ನು ಹಾಡುತ್ತಿದ್ದರು. ಕುಮ್ಮಟದುರ್ಗದ ಆ ವೀರನನ್ನು ನಂಜುಂಡ ಕವಿ 16ನೆಯ ಶತಮಾನದಲ್ಲೇ ಸಾಂಗತ್ಯಕ್ಕೆ ತಂದಿದ್ದ. ಆದರೆ ಓದುಬರಹ ತಿಳಿಯದ ಈರಮ್ಮನಿಗೆ ಕಥೆ ಒಲಿದದ್ದು ತಮ್ಮ ಬುಡ್ಗಜಂಗಮ ಸಮುದಾಯದ ಹಿರಿಯರ ಬಾಯಿಂದ. ಹಾಗೆ ಬಂದ ಕಥೆ ಎರಡು ಕೊರಳಲ್ಲಿ ಅಕ್ಷರಕ್ಕಕ್ಷರ ಒಂದೇ ಆಗಿರಲಾರದು. ಹಾಗಾದರೆ ಈರಮ್ಮ ಹಾಡಿದ್ದು ಅದೇ ಕಥೆಯೋ, ಇನ್ನೊಂದೋ? ಮಿಲಿಂದ ರಾಜನಿಗೆ ಬೌದ್ಧ ಭಿಕ್ಷು ನಾಗಸೇನ ಕೊಟ್ಟ ಉತ್ತರ ಇಲ್ಲಿ ನೆನಪಾಗುತ್ತದೆ: ಇರುಳಿಡೀ ಉರಿದ ದೀಪದ ಮೊದಲ ಜಾವದ ಜ್ವಾಲೆ, ಕೊನೆಯ ಜಾವದ ಜ್ವಾಲೆ ಒಂದೇ ಅಲ್ಲ, ಬೇರೆಯೂ ಅಲ್ಲ. ಆದರೆ ಕಥೆಗೆ ಈ ಉತ್ತರ ಸಾಲದು. ಜ್ವಾಲೆಗೆ ಹಿಂದಿನ ಜ್ವಾಲೆಯ ಋಣದ ಅರಿವಿಲ್ಲ, ಹಾಡುವವಳಿಗೆ ಇದೆ. ಕಥೆ ಅದೇ ಆಗಿ ಉಳಿಯುವುದು ಸಾಲುಗಳ ಹೋಲಿಕೆಯಿಂದಲ್ಲ, ಹಾಡುವವರು ಹಿಂದಿನವರ ಹೊಣೆಯನ್ನು ತಮ್ಮದೆಂದು ಹೊತ್ತುಕೊಳ್ಳುವುದರಿಂದ.

ಹಾಗೆ ಹೊತ್ತವರದು ಬರೀ ನಕಲು ಎನ್ನುವವರಿದ್ದಾರೆ. ಅದು ನಕಲಲ್ಲ ಎನ್ನಲು ಒಂದು ಉದಾಹರಣೆ: ಬ್ರಿಟನ್ನಿನ ಮಕ್ಕಳ ಚಿತ್ರಕಥಾ ಪತ್ರಿಕೆ ‘ಬೀನೊ’ದಲ್ಲಿ ಬ್ಯಾಷ್ ಸ್ಟ್ರೀಟ್ ಶಾಲೆಯ ತುಂಟರನ್ನು 1954ರಲ್ಲಿ ಸೃಷ್ಟಿಸಿದವನು ಲಿಯೊ ಬ್ಯಾಕ್ಸೆಂಡೇಲ್. 1962ರಿಂದ ಅವರ ಚಿತ್ರ ಬರೆದವನು ಡೇವಿಡ್ ಸದರ್‌ಲ್ಯಾಂಡ್. 2023ರಲ್ಲಿ ತೀರಿಕೊಳ್ಳುವವರೆಗೂ, ಅರವತ್ತು ವರ್ಷ. ನಕಲಿಗೆ ಕಣ್ಣೆದುರು ಒಂದು ಚಿತ್ರ ಬೇಕು. ಸದರ್‌ಲ್ಯಾಂಡನ ಎದುರಿಗಿದ್ದದ್ದು ಬ್ಯಾಕ್ಸೆಂಡೇಲ್ ಎಂದೂ ಬರೆಯದ ಹೊಸ ಪ್ರಸಂಗ. ಅದರಲ್ಲಿ ಒಬ್ಬೊಬ್ಬ ತುಂಟ ಹೇಗೆ ನಿಂತಾನು, ಯಾವುದಕ್ಕೆ ನಕ್ಕಾನು ಎಂಬುದನ್ನು ಆತನೇ ನಿರ್ಧರಿಸಬೇಕಿತ್ತು. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು: ಮುಂದುವರಿಕೆಯ ಹೆಸರಿನಲ್ಲಿ ಮೊದಲಿಗನನ್ನೇ ಅಳಿಸಬಹುದಲ್ಲ? ನಿಜ. ಕಲಾವಿದರ ಹೆಸರು ಹಾಕುವ ರೂಢಿ ಆ ಪತ್ರಿಕೆಯಲ್ಲಿ ಬಹುಕಾಲ ಇರಲಿಲ್ಲ. ತನ್ನ ಸೃಷ್ಟಿಯ ಹಕ್ಕಿಗಾಗಿ ಬ್ಯಾಕ್ಸೆಂಡೇಲ್ 1980ರ ದಶಕದಲ್ಲಿ ಪ್ರಕಾಶಕರ ವಿರುದ್ಧ ನ್ಯಾಯಾಲಯಕ್ಕೆ ಹೋದ, ಕೊನೆಗೆ ರಾಜಿಯಾಯಿತು. ಅಲ್ಲಿ ತಪ್ಪು ಮುಂದುವರಿಸಿದ ಕೈಯದಲ್ಲ. ಲಾಭವನ್ನು ಉಳಿಸಿಕೊಂಡು ಋಣವನ್ನು ಬಿಟ್ಟವರದು.

ಮತ್ತೆ ಈರಮ್ಮನ ಕಥೆಗೆ ಬಂದರೆ, ಅವರು 2014ರಲ್ಲಿ ತೀರಿಕೊಂಡರು. ಅವರಿಗೆ ನಾಡೋಜ ಗೌರವ ಕೊಟ್ಟ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರ ಕಾವ್ಯಗಳನ್ನು ಅಚ್ಚಿಗೂ ತಂದಿದೆ. ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ಇನ್ನು ಕಥೆ ಭದ್ರ ಎಂದುಕೊಂಡರೆ ಅಚ್ಚಾದ ಪಾಠವೇ ಅಳತೆಗೋಲಾಗಿಬಿಡುತ್ತದೆ. ನಾಳೆ ಅದರಿಂದಲೇ ಕಲಿತ ಹುಡುಗಿಯೊಬ್ಬಳು ತಂಬೂರಿ ಹಿಡಿದು ಕುಮಾರರಾಮನಿಗೆ ತನ್ನದೊಂದು ಸಾಲು ಸೇರಿಸಿದರೆ, ಅದು ಪುಸ್ತಕದಲ್ಲಿಲ್ಲ ಎಂದು ತಡೆಯುವ ಹಕ್ಕು ನಮಗಿಲ್ಲ. ಈರಮ್ಮನ ಹೆಸರು ಹೇಳಿ ಶುರುಮಾಡು ಎಂದಷ್ಟೇ ಕೇಳಬಹುದು.