ಅವ್ವನ ಕೌದಿ, ನಮ್ಮ ಲಗೇಜು

ಕಳೆದ ರಜೆಗೆ ನಾವು ಬೆಂಗಳೂರಿನಿಂದ ಊರಿಗೆ, ಶಹಾಪುರ ತಾಲ್ಲೂಕಿನ ಗೋಗಿಗೆ ಹೋದ್ವಿ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ನಾಲ್ಕು ಜನಕ್ಕೆ ಏಳು ಬ್ಯಾಗು! ಯಾದಗಿರಿಯಲ್ಲಿ ಇಳಿಸೋದ್ರೊಳಗೆ ಹೆಂಡತಿ ಮಕ್ಕಳ ಮೇಲೆ ರೇಗಿಬಿಟ್ಟೆ. ಮನೆಯಲ್ಲೂ ನಮ್ಮದೇ ದಿಂಬು, ನಮ್ಮದೇ ಹೊದಿಕೆ ತೆಗೆದು ಹಾಸಿದ್ವಿ. ಅವ್ವ ನಮಗಂತ ಒಗೆದು ಮಡಚಿಟ್ಟಿದ್ದ ಕೌದಿ ಹಾಗೇ ಉಳೀತು. "ಯಾಕಪ್ಪಾ, ನಮ್ಮ ಮನ್ಯಾಗ ಹಾಸಿಗಿ ಇಲ್ಲೇನು?" ಅಂದ್ಳು. ಅವತ್ತು ನನಗೆ ನಿದ್ದೆ ಬರಲಿಲ್ಲ.

ಲೂಕ 10ನೇ ಅಧ್ಯಾಯದಲ್ಲಿ ಯೇಸು 70 ಮಂದಿಯನ್ನು ಕಳಿಸುವಾಗ ಹಣದ ಚೀಲವೂ ಬೇಡ, ಹಸಿಬೆಯೂ ಬೇಡ ಅಂದನು. ಆ ಮನೆಯವರು ಬಡಿಸಿದ್ದನ್ನು ಊಟಮಾಡಿ ಅಂದನು. ಯಾಕೆ? ಎಲ್ಲವನ್ನೂ ಹೊತ್ತುಕೊಂಡು ಹೋದವನಿಗೆ ಯಾರ ಬಾಗಿಲೂ ಬೇಕಾಗಲ್ಲ.

ಹಾಗಾದ್ರೆ ಏನೂ ಒಯ್ಯದೆ ಹೋಗೋದೇ ಭಕ್ತಿಯಾ? ಅಲ್ಲ. ಮುಂದೆ ಲೂಕ 22ರಲ್ಲಿ, ಚೀಲ ಇದ್ದವನು ತೆಗೆದುಕೊಳ್ಳಲಿ ಅಂತಲೂ ಆತನೇ ಹೇಳಿದನು. ಮಗುವಿನ ಔಷಧಿ ಬಿಟ್ಟು ಹೋಗೋದು ನಂಬಿಕೆಯಲ್ಲ, ಬೇಜವಾಬ್ದಾರಿ. ಆದರೆ ಪ್ರಿಯರೇ, ಬ್ಯಾಗಿಗೆ ಒಂದೊಂದು ವಸ್ತು ತುಂಬುವಾಗಲೂ ಕೇಳಿಕೊಳ್ಳಿ: ಇದು ನನ್ನ ಅಗತ್ಯವಾ, ಇಲ್ಲ ಯಾರ ಪ್ರೀತಿಯೂ ನನಗೆ ಬೇಡ ಅನ್ನೋ ಅಹಂಕಾರವಾ?

ಈ ಕ್ರಿಸ್ಮಸ್‌ಗೆ ನಮ್ಮದು ಎರಡೇ ಬ್ಯಾಗು. ಹೊದಿಯೋಕೆ ಅವ್ವನ ಕೌದಿ. ಆಮೆನ್.