ಮುಳುಗಿದವರೂ ಮರಳಿದವರೂ

ವೀರಗಲ್ಲಿನಲ್ಲಿ ಗೆದ್ದು ಮನೆಗೆ ಬಂದವನಿಗೆ ಜಾಗವಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ವೀರ. ಗೋವೆಯ ಕದಂಬರ ಕಾಲದ ಕೆಲವು ಕಲ್ಲುಗಳಲ್ಲಿ ಕಾಳಗ ನಡೆಯುವುದು ಹಡಗಿನ ಮೇಲೆ. ಹುಟ್ಟು ಹಾಕುವವರ ಸಾಲೂ ಅಲ್ಲಿದೆ. ಆದರೆ ಅಲ್ಲಿಯೂ ಕಲ್ಲು ನಿಲ್ಲಿಸಿದ್ದು ಸತ್ತವನಿಗೇ. ಈ ರೂಢಿ ನಮ್ಮ ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿದಿದೆಯೆಂದರೆ, ಪ್ರಾಣ ಕೊಟ್ಟವನೇ ಶೂರ, ಉಳಿದವನು ಅದೃಷ್ಟವಂತ ಎಂದು ಯೋಚಿಸದೆಯೇ ಹೇಳಿಬಿಡುತ್ತೇವೆ. ಹಡಗಿನ ನಾಯಕನ ವಿಷಯದಲ್ಲಿ ಈ ಅಳತೆ ಸರಿಹೋಗುವುದಿಲ್ಲ ಎಂಬುದು ನನ್ನ ವಾದ.

ಕಲಬುರಗಿ ಸೀಮೆಯ ನಮ್ಮ ಮಹಾಗಾಂವದಿಂದ ಯಾವ ದಿಕ್ಕಿಗೆ ಹೋದರೂ ಸಮುದ್ರ ನೂರಾರು ಕಿಲೋಮೀಟರ್ ದೂರ. ಕಲಬುರಗಿ–ಹುಮನಾಬಾದ್ ರಸ್ತೆಯ ಎರಡೂ ಬದಿಗೆ ತೊಗರಿ, ಜೋಳದ ಹೊಲಗಳು. ಯುದ್ಧವೆಂದರೆ ನಮ್ಮ ಕಣ್ಣಿಗೆ ಬರುವುದು ನೆಲದ ಸಿಪಾಯಿ. ಅವನಿಗೆ ಹಿಂದೆ ಸರಿಯಲು ಕಾಲಡಿಯಲ್ಲಿ ನೆಲವಿದೆ, ಆದರೂ ಸರಿಯುವುದಿಲ್ಲ, ಅದೇ ಅವನ ಹಿರಿಮೆ. ಹಡಗಿನಲ್ಲಿ ಸರಿಯಲು ಜಾಗವೇ ಇಲ್ಲ. ಎಂಜಿನ್ ಕೋಣೆಯಲ್ಲಿ ದುಡಿಯುವವನಿಗೆ ಶತ್ರು ಕಾಣುವುದೂ ಇಲ್ಲ. ನಾಯಕನ ಒಂದು ಮಾತಿಗೆ ಇನ್ನೂರು ಜನ ಒಟ್ಟಿಗೆ ಸಾವಿನ ಹತ್ತಿರ ಹೋಗುತ್ತಾರೆ, ಇಲ್ಲವೇ ಒಟ್ಟಿಗೆ ದೂರವಾಗುತ್ತಾರೆ. ತನ್ನ ಜೀವವನ್ನು ಪಣಕ್ಕಿಡುವುದು ಒಂದು ಧೈರ್ಯ. ಬೇರೆಯವರ ಜೀವವನ್ನು ಪಣಕ್ಕಿಟ್ಟು, ಆ ಲೆಕ್ಕಕ್ಕೆ ತಾನೇ ಹೊಣೆಯೆಂದು ನಿಲ್ಲುವುದು ಇನ್ನೊಂದು. ಎರಡನೆಯದೇ ಕಠಿಣ.

1971ರ ಡಿಸೆಂಬರ್‌ನ ಭಾರತ–ಪಾಕಿಸ್ತಾನ ಯುದ್ಧದ ಎರಡು ರಾತ್ರಿಗಳನ್ನು ನೋಡೋಣ. ಕಾಸರಗೋಡನ್ನು ತಮ್ಮ ಹೆಸರಿನಲ್ಲೇ ಹೊತ್ತಿದ್ದ ಕಮಾಂಡರ್ ಕಾಸರಗೋಡು ಪಟ್ಣಶೆಟ್ಟಿ ಗೋಪಾಲರಾವ್, 4ರ ರಾತ್ರಿ ‘ಕಿಲ್ತಾನ್’ ಹಡಗಿನಲ್ಲಿ ಕರಾಚಿಯತ್ತ ಸಾಗಿದರು. ಜತೆಗೆ ‘ಕಚ್ಚಲ್’, ಮತ್ತೆ ‘ನಿಪಾತ್’, ‘ನಿರ್ಘಾತ್’, ‘ವೀರ್’ ಎಂಬ ಮೂರು ಕ್ಷಿಪಣಿ ದೋಣಿಗಳು. ಈ ದೋಣಿಗಳನ್ನು ಸೋವಿಯತ್ ಒಕ್ಕೂಟ ಕಟ್ಟಿದ್ದು ಸ್ವಂತ ತೀರದ ರಕ್ಷಣೆಗೆ. ಅವುಗಳಲ್ಲಿ ಹಿಡಿಯುವ ಇಂಧನ ಕಡಿಮೆ. ಅಂಥವನ್ನು ಶತ್ರುವಿನ ಬಂದರಿನ ಬಾಗಿಲಿಗೆ ಒಯ್ಯುವುದೆಂದರೆ, ಹೋಗುವಾಗಲೇ ಮರಳುವ ದಾರಿಯ ಲೆಕ್ಕವನ್ನೂ ಹಾಕಿಕೊಂಡಿರಬೇಕು. ಆ ರಾತ್ರಿ ಪಾಕಿಸ್ತಾನದ ‘ಖೈಬರ್’, ‘ಮುಹಾಫಿಜ್’ ಹಡಗುಗಳು ಮುಳುಗಿದವು. ಭಾರತದ ಕಡೆ ಒಂದು ಜೀವವೂ ಹೋಗಲಿಲ್ಲ. ಗೋಪಾಲರಾವ್ ಅವರಿಗೂ, ಕ್ಷಿಪಣಿ ದೋಣಿಗಳ ನಾಯಕ ಬಬ್ರು ಭಾನ್ ಯಾದವ್ ಅವರಿಗೂ ಮಹಾವೀರ ಚಕ್ರ ಬಂತು.

ಐದು ದಿನಗಳ ನಂತರ, 9ರ ರಾತ್ರಿ, ದಿಯು ಬಳಿ ಜಲಾಂತರ್ಗಾಮಿಯನ್ನು ಹುಡುಕುತ್ತಿದ್ದ ಭಾರತದ ‘ಖುಕ್ರಿ’ ಹಡಗಿಗೆ ಪಾಕಿಸ್ತಾನದ ಜಲಾಂತರ್ಗಾಮಿ ‘ಹಂಗೋರ್’ ಬಿಟ್ಟ ಟಾರ್ಪೆಡೊ ಬಡಿಯಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಅದರ ನಾಯಕ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತಮ್ಮ ಲೈಫ್ ಜಾಕೆಟನ್ನು ಒಬ್ಬ ನಾವಿಕನಿಗೆ ಕೊಟ್ಟು, ಸಾಧ್ಯವಾದಷ್ಟು ಜನರನ್ನು ಹೊರಗೆ ಕಳಿಸಿ, ತಾವು ಹಡಗಿನಲ್ಲೇ ಉಳಿದರು. ಮರಣೋತ್ತರವಾಗಿ ಅವರಿಗೂ ಅದೇ ಚಕ್ರ ಬಂತು.

ಮುಲ್ಲಾ ಅವರ ಹೆಸರು ಬಂದಾಗ ಎಲ್ಲರೂ ಹೇಳುವುದು ಮುಳುಗುತ್ತಿದ್ದ ಹಡಗಿನಲ್ಲಿ ಅವರು ಕೊನೆಗೆ ಕುಳಿತ ಕುರ್ಚಿಯ ಕಥೆ. ನನಗೆ ದೊಡ್ಡದಾಗಿ ಕಾಣುವುದು ಆ ಜಾಕೆಟ್. ಕುರ್ಚಿಯಲ್ಲಿ ಕೂತಿದ್ದರಿಂದ ಒಬ್ಬ ನಾವಿಕನ ಜೀವವೂ ಹೆಚ್ಚು ಉಳಿಯಲಿಲ್ಲ. ಜಾಕೆಟ್ ಕೊಟ್ಟದ್ದು ಬದುಕುವ ಅವಕಾಶವನ್ನೇ ಕೊಟ್ಟ ಹಾಗೆ. ಹಡಗಿನ ಜತೆ ಮುಳುಗುವುದೇ ನಾಯಕನ ಧರ್ಮವೆಂದು ಹೊಗಳುತ್ತಾ ಹೋದರೆ, ನಾಳೆ ಬದುಕಿ ಬಂದ ನಾಯಕನನ್ನು ಅನುಮಾನದಿಂದ ನೋಡುತ್ತೇವೆ. ಅದು ಅನ್ಯಾಯ.

‘ಖುಕ್ರಿ’ಯ ಜತೆಯಲ್ಲಿದ್ದ ‘ಕಿರ್ಪಾಣ್’ ಹಡಗಿನ ನಾಯಕನನ್ನೂ ಹಾಗೆಯೇ ಅನುಮಾನದಿಂದ ನೋಡಬಹುದು. ನೀರಿನಲ್ಲಿ ತನ್ನವರು ಕೈ ಬಡಿಯುತ್ತಿದ್ದಾರೆ, ಕೆಳಗೆ ಜಲಾಂತರ್ಗಾಮಿ ಕಾದಿದೆ. ನಿಂತರೆ ಎರಡನೆಯ ಹಡಗೂ ಹೋಗಬಹುದು. ಅದು ಅಲ್ಲಿಂದ ಸರಿಯಿತು. ಮರುದಿನ ‘ಕಚ್ಚಲ್’ ಜತೆ ಮರಳಿ ಬಂದು ಬದುಕುಳಿದ 67 ಮಂದಿಯನ್ನು ಎತ್ತಿಕೊಂಡಿತು. ಆ ರಾತ್ರಿ ಸರಿಯಲು ಹೇಳಿದ ನಾಯಕನಿಗೆ ಆಮೇಲೆ ನಿದ್ದೆ ಸುಲಭವಾಗಿ ಬಂದಿರಲಾರದು. ನಾನು ಅದನ್ನು ಹೇಡಿತನ ಎನ್ನಲಾರೆ.

ಗೆದ್ದು ಬರುವುದು ಅದೃಷ್ಟ, ಅದರಲ್ಲಿ ಶೌರ್ಯ ಎಲ್ಲಿದೆ ಎಂದು ಕೇಳಬಹುದು. ಅದೃಷ್ಟದ ಪಾಲು ಇದ್ದೇ ಇದೆ. ಕರಾಚಿಯ ದಾರಿಯಲ್ಲಿ ಒಂದು ವಿಮಾನ ಕಣ್ಣಿಟ್ಟಿದ್ದರೆ ಗೋಪಾಲರಾವ್ ಮುಲ್ಲಾ ಆಗುತ್ತಿದ್ದರು. ಅದಕ್ಕೇ ಫಲ ನೋಡಿ ಶೌರ್ಯ ಅಳೆಯಬಾರದು ಎನ್ನುತ್ತೇನೆ. ಏನಾಗುವುದೆಂದು ತಿಳಿಯದ ಹೊತ್ತಿನಲ್ಲಿ ಯಾರಿಗಾಗಿ, ಎಷ್ಟು ವಿಚಾರ ಮಾಡಿ ಅಪ್ಪಣೆ ಕೊಟ್ಟರು ಎಂಬುದೇ ಅಳತೆ. ಈ ಅಳತೆ ಗಡಿಯ ಆಚೆಗೂ ಸಲ್ಲಬೇಕು. ಖೈಬರ್‌ನಲ್ಲಿ 222 ಮಂದಿ ಸತ್ತರು. ತಮ್ಮನ್ನು ಹೊಡೆದದ್ದು ಕ್ಷಿಪಣಿಯೆಂದು ಅವರಿಗೆ ತಿಳಿಯಲೇ ಇಲ್ಲ, ವಿಮಾನ ದಾಳಿಯೆಂದೇ ಸುದ್ದಿ ಕಳಿಸಿದ್ದರು. ನಮ್ಮ ಗೆಲುವನ್ನು ಹೆಮ್ಮೆಯಿಂದ ನೆನೆಯುವಾಗ ಅವರನ್ನು ಲೆಕ್ಕದಿಂದ ಬಿಟ್ಟರೆ, ಶೌರ್ಯದ ಮಾತೇ ಟೊಳ್ಳಾಗುತ್ತದೆ.

ಗೋಪಾಲರಾವ್ ತೊಂಬತ್ತು ದಾಟಿ ಬಾಳಿ, 2021ರಲ್ಲಿ ಚೆನ್ನೈಯಲ್ಲಿ ತೀರಿಕೊಂಡರು. ಡಿಸೆಂಬರ್ 4 ನೌಕಾ ದಿನ. ಅಂದು ಮಕ್ಕಳ ಮುಂದೆ ಮಾತಾಡುವ ಮಹಾಗಾಂವ, ಕಮಲಾಪುರದ ಮಾಸ್ತರರಲ್ಲಿ ನನ್ನದೊಂದು ವಿನಂತಿ: ಮುಳುಗಿದ ನಾಯಕನ ಕಥೆ ಖಂಡಿತ ಹೇಳಿ. ತನ್ನ ಜನರೆಲ್ಲರನ್ನೂ ಮನೆಗೆ ಕರೆತಂದ ನಾಯಕನ ಕಥೆಯನ್ನೂ ಅಷ್ಟೇ ಹೊತ್ತು ಹೇಳಿ.