ಉಳಿದವರ ದೇವರು, ಬೆಂದವರ ದೇವರು

1871ರ ಅಕ್ಟೋಬರ್ 8, ಭಾನುವಾರ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಚಳಿ ಕಾಲಿಡಬೇಕಾದ ಹೊತ್ತಿಗೆ ಸೆಖೆ. ಬೇಸಿಗೆಯಿಂದಲೂ ಮಳೆ ಕೈಕೊಟ್ಟು ಜೌಗು ನೆಲವೂ ಒಣಗಿತ್ತು. ಎಲೆ ಉದುರುವ ಕಾಲದ ಇಂಥ ಬೆಚ್ಚನೆಯ, ಗಾಳಿಯ ದಿನಗಳು ಮೈಗೆ ಹಿತ. ಕಾಡಿನ ಮಟ್ಟಿಗೆ ಇವೇ ಕೇಡಿನ ದಿನಗಳು. ಹೊಲ ಮಾಡಲು ರೈತರು ಹಚ್ಚಿದ ಬೆಂಕಿ, ರೈಲುದಾರಿಗೆಂದು ಕಡಿದು ರಾಶಿ ಹಾಕಿದ ರೆಂಬೆಕೊಂಬೆಗಳ ಬೆಂಕಿ ವಾರಗಟ್ಟಲೆಯಿಂದ ಅಲ್ಲಲ್ಲಿ ಹೊಗೆಯಾಡುತ್ತಿದ್ದವು. ಪಶ್ಚಿಮದಿಂದ ತಂಪು ಹವೆ ನುಗ್ಗಿ ಬಂತು, ಅದರ ಮುಂದೆ ನೈಋತ್ಯದ ಗಾಳಿ ಬಿರುಸಾಯಿತು, ಬಿಡಿ ಬೆಂಕಿಗಳೆಲ್ಲ ಒಂದಾದವು. ಪೆಷ್ಟಿಗೊ ಎಂಬ ಮರಕೊಯ್ಯುವ ಊರು ಆ ರಾತ್ರಿಯೇ ಬೂದಿಯಾಯಿತು. ಸುತ್ತಲಿನ ಸೀಮೆಯೂ ಸೇರಿ ಸತ್ತವರು 1,200ರಿಂದ 2,500 ಎಂದು ಅಂದಾಜು.

ಅದೇ ರಾತ್ರಿ ಶಿಕಾಗೊ ಕೂಡ ಹೊತ್ತಿ ಉರಿಯಿತು. ಅಲ್ಲಿ ಸತ್ತವರು ಸುಮಾರು 300. ಜಗತ್ತು ನೆನಪಿಟ್ಟುಕೊಂಡದ್ದು ಮಾತ್ರ ಶಿಕಾಗೊವನ್ನೇ.

ಗ್ರೀನ್ ಬೇ ಕೊಲ್ಲಿಯ ಆಚೆ ದಡದ ರಾಬಿನ್ಸನ್‌ವಿಲ್‌ನಲ್ಲಿ ಒಂದು ಪುಟ್ಟ ಪ್ರಾರ್ಥನಾಲಯವಿತ್ತು. 1859ರಲ್ಲಿ ಮಾತೆ ಮರಿಯಮ್ಮನ ದರ್ಶನವಾಯಿತೆಂದು ಹೇಳಿದ, ಬೆಲ್ಜಿಯಂನಿಂದ ವಲಸೆ ಬಂದ ಅಡೆಲ್ ಬ್ರೀಸ್ ಅಲ್ಲಿದ್ದರು. ಬೆಂಕಿ ಕಂಡು ಸುತ್ತಲಿನ ಜನ ದನಕರುಗಳನ್ನೂ ಹೊಡೆದುಕೊಂಡು ಆ ಅಂಗಳಕ್ಕೆ ಓಡಿ ಬಂದರು. ಮಾತೆಯ ವಿಗ್ರಹ ಹೊತ್ತು, ಜಪಸರ ಹಿಡಿದು ರಾತ್ರಿಯಿಡೀ ಪ್ರದಕ್ಷಿಣೆ ಹಾಕಿದರು. ಸುತ್ತೆಲ್ಲ ಸುಟ್ಟರೂ ಆ ಕೆಲವೇ ಎಕರೆ ಹಸಿರಾಗಿಯೇ ಉಳಿಯಿತು. 2010ರಲ್ಲಿ ಅಲ್ಲಿನ ಬಿಷಪ್ ಆ ದರ್ಶನ ನಂಬಲು ಯೋಗ್ಯವೆಂದು ಸಾರಿದರು.

ಅದೇ ಸೀಮೆಯ ವಿಲಿಯಮ್ಸನ್‌ವಿಲ್ ಎಂಬ ಪುಟ್ಟ ನೆಲೆಯಲ್ಲಿ ಜನ ಆಲೂಗಡ್ಡೆ ಹೊಲದ ಬಯಲಿಗೆ ಓಡಿದ್ದರು. ಸುಮಾರು 60 ಜನ ಸತ್ತರು. ಅವರೂ ದೇವರನ್ನು ಕರೆಯದೆ ಇದ್ದಾರೆಯೇ?

ಪಾರಾದವನು ದೇವರು ಕಾಪಾಡಿದ ಎಂದರೆ ಅದು ಋಣದ ಮಾತು; ಅದನ್ನು ಕಸಿದುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಆ ಮಾತನ್ನೇ ಕಾರಣವೆಂದು ಮುಂದಿಟ್ಟರೆ ಮಾತ್ರ ಅದು ಹೊಲದಲ್ಲಿ ಸತ್ತವರ ಮೇಲೆ ತೀರ್ಪಾಗಿಬಿಡುತ್ತದೆ. 1934ರ ಬಿಹಾರ ಭೂಕಂಪವನ್ನು ಅಸ್ಪೃಶ್ಯತೆಯ ಪಾಪಕ್ಕೆ ಬಂದ ಶಿಕ್ಷೆ ಎಂದು ಗಾಂಧೀಜಿ ಹೇಳಿದಾಗ ಟ್ಯಾಗೋರರು ಒಪ್ಪಲಿಲ್ಲ. ಪ್ರಕೃತಿಯ ಅನಾಹುತಕ್ಕೆ ಪ್ರಕೃತಿಯಲ್ಲೇ ಕಾರಣವಿದೆ, ಈ ತರ್ಕ ನಾಳೆ ಎದುರಾಳಿಗಳ ಕೈಗೂ ಸಿಗುತ್ತದೆ ಎಂಬುದು ಅವರ ಆಕ್ಷೇಪ. ಗಾಂಧೀಜಿ ಆ ಆಕ್ಷೇಪವನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚು ಹಾಕಿಸಿದರು, ತಮ್ಮ ಮಾತನ್ನು ಮಾತ್ರ ಬಿಡಲಿಲ್ಲ. ಈ ವಾದದಲ್ಲಿ ಟ್ಯಾಗೋರರ ಪಕ್ಷವೇ ಗಟ್ಟಿ.

ಪೆಷ್ಟಿಗೊದ ಪಾದ್ರಿ ಪೀಟರ್ ಪರ್ನಿನ್ 1874ರಲ್ಲಿ ತಮ್ಮ ನೆನಪುಗಳನ್ನು ಪ್ರಕಟಿಸಿದರು. ಇದರಲ್ಲಿ ದೇವರ ಬೆರಳಿದೆ ಎಂಬರ್ಥದ ಹೆಸರನ್ನೇ ಪುಸ್ತಕಕ್ಕೆ ಇಟ್ಟರು. ಆದರೆ ಆ ರಾತ್ರಿ ಅವರು ನಡೆದುಕೊಂಡ ರೀತಿ ನೋಡಿ. ಸಂಜೆ ಆಕಾಶ ಕೆಂಪಾದದ್ದು ಕಂಡು ತೋಟದಲ್ಲಿ ಗುಂಡಿ ತೋಡಿ ಪುಸ್ತಕ, ಪೂಜಾ ಸಾಮಗ್ರಿಗಳನ್ನು ಹೂತರು. ಪರಮಪ್ರಸಾದದ ಪೆಟ್ಟಿಗೆಯನ್ನು ಗಾಡಿಗೆ ಹಾಕಿ ಹೊಳೆಯತ್ತ ತಳ್ಳಿಕೊಂಡು ಹೊರಟರು. ದಡದಲ್ಲಿ ಜನ ಕಂಬದಂತೆ ನಿಂತಿದ್ದರು. ಲೋಕದ ಕೊನೆ ಬಂತು, ಇನ್ನು ಮಾಡುವುದೇನೂ ಇಲ್ಲ ಎಂದುಕೊಂಡದ್ದಾಗಿ ಅವರಲ್ಲಿ ಹಲವರು ಆಮೇಲೆ ಹೇಳಿದರು. ಪಾದ್ರಿಗಳು ಎಡಬಲದಲ್ಲಿದ್ದವರನ್ನು ಹಿಡಿದು ನೀರಿಗೆ ನೂಕಿದರು. ಒಬ್ಬಾತ ಮೈ ಒದ್ದೆಯಾಯಿತೆಂದು ಚೀರಿ ಮತ್ತೆ ದಡಕ್ಕೆ ಹಾರಿದ. ಬೆಂಕಿಗಿಂತ ನೀರೇ ಮೇಲೆಂದು ಪಾದ್ರಿಗಳು ತಾವೂ ಇಳಿದರು. ನೀರಿನಿಂದ ಮೇಲಿದ್ದ ತಲೆಗಳಿಗೂ ಉರಿ ತಾಗುತ್ತಿತ್ತು. ಒದ್ದೆ ಬಟ್ಟೆ ಹೊದ್ದು, ನೀರೆರಚಿಕೊಳ್ಳುತ್ತ ಗಂಟೆಗಟ್ಟಲೆ ನಿಂತರು.

ದೇವರ ಬೆರಳನ್ನು ಹುಡುಕುವ ಭರದಲ್ಲಿ ರೆಂಬೆಗಳನ್ನು ಒಣಗಲು ಬಿಟ್ಟ ಕೈಗಳು, ಒಣಗಾಳಿಯಲ್ಲೂ ಹೊಲಕ್ಕೆ ಕಿಚ್ಚಿಟ್ಟ ಕೈಗಳು ಕಣ್ತಪ್ಪಿ ಹೋಗುತ್ತವೆ. ಈಗ ಅಂಥ ಬೆಚ್ಚನೆಯ ಒಣಗಾಳಿಯ ದಿನ ಬಂದರೆ ಅಮೆರಿಕದ ಹವಾಮಾನ ಇಲಾಖೆ ‘ಕೆಂಪು ಬಾವುಟ’ದ ಎಚ್ಚರಿಕೆ ಹೊರಡಿಸುತ್ತದೆ: ಹೊರಗೆ ಬೆಂಕಿ ಹಚ್ಚಬೇಡಿ. ಪ್ರಾರ್ಥನಾಲಯದ ಅಂಗಳಕ್ಕೂ ಆಲೂಗಡ್ಡೆ ಹೊಲಕ್ಕೂ ಅದು ಒಂದೇ.